ದಿನಕ್ಕೊಂದು ಅನ್ನೂರು

ಕೊಯಮತ್ತೂರಿನಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಅನ್ನೂರು ಸಿಗುತ್ತದೆ. ಅದೇ ರಸ್ತೆ ಮುಂದೆ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಚಾಮರಾಜನಗರ ಸೇರುತ್ತದೆ. ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದ ಒಕ್ಕಲಿಗರು, ದೇವಾಂಗರು ಈ ಸೀಮೆಯಲ್ಲಿ ಇಂದಿಗೂ ಮನೆಯೊಳಗೆ ಕನ್ನಡ ಆಡುತ್ತಾರೆ. 2011ರ ಜನಗಣತಿಯಲ್ಲಿ ಅನ್ನೂರು ಪಟ್ಟಣದ ಜನಸಂಖ್ಯೆ 20,000ದ ಆಸುಪಾಸು ಇತ್ತು.

ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ತಂಬಾಕು ಪ್ರತಿ ವರ್ಷ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. 365ರಿಂದ ಭಾಗಿಸಿದರೆ ದಿನಕ್ಕೆ 19,000 ದಾಟುತ್ತದೆ. ಅಂದರೆ ಹಸುಗೂಸಿನಿಂದ ಮುದುಕರವರೆಗೆ, ಸುಮಾರಾಗಿ ಇಡೀ ಅನ್ನೂರು. ಇಂದು ಒಂದು ಅನ್ನೂರು, ನಾಳೆ ಇನ್ನೊಂದು, ವರ್ಷಪೂರ್ತಿ ಹೀಗೆಯೇ. ಭಾರತದ ಪಾಲು ವರ್ಷಕ್ಕೆ ಸುಮಾರು 13.5 ಲಕ್ಷ ಸಾವು, ದಿನಕ್ಕೆ 3,700. ನಮ್ಮ ದೇಶವೊಂದೇ ಐದೂವರೆ ದಿನಕ್ಕೊಮ್ಮೆ ಒಂದು ಅನ್ನೂರನ್ನು ಕಳೆದುಕೊಳ್ಳುತ್ತಿದೆ.

ಈ ಭಯ ಜನರಿಗೆ ಇಲ್ಲವೆಂದಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಹೊಗೆ ಸೇದುವವರ ಪೈಕಿ ಶೇ. 55.4 ಮಂದಿ ಬಿಡುವ ಯೋಚನೆಯಲ್ಲಿದ್ದೇವೆ ಎಂದಿದ್ದರು. ಆದರೆ ಬಿಡುವ ಮೊದಲು ಮನಸ್ಸು ಒಂದು ನಡುದಾರಿ ಹುಡುಕುತ್ತದೆ. ‘ಸಿಗರೇಟು ಬಿಟ್ಬಿಟ್ಟೆ ಅಣ್ಣ, ಈಗ ಬರೀ ಬೀಡಿ.’ ‘ಸೇದೋದೇ ಇಲ್ಲ, ಬಾಯಿಗೆ ಒಂದು ಚಿಟಿಕೆ ಹಾಕ್ಕೋತೀನಿ ಅಷ್ಟೇ.’ ‘ದಿನಕ್ಕೆ ಒಂದೇ, ಊಟ ಆದ್ಮೇಲೆ.’ ಕಾಲೇಜಿನ ಹುಡುಗನಾದರೆ ‘ಇದು ಹೊಗೆಯಲ್ಲ, ಬರೀ ಆವಿ’ ಎನ್ನುತ್ತಾನೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಗಾತ್ರ ಚಿಕ್ಕದಾದರೆ ಕೇಡೂ ಚಿಕ್ಕದು ಎಂದು ನಂಬಿದ್ದಾರೆ. ಅಕ್ಕಿ, ಬೇಳೆ, ಎಣ್ಣೆಯ ವಿಷಯದಲ್ಲಿ ನಮ್ಮನ್ನು ಕಾಪಾಡುವ ಆ ಲೆಕ್ಕ ತಂಬಾಕಿನ ಮುಂದೆ ಎಷ್ಟರ ಮಟ್ಟಿಗೆ ಕೈಕೊಡುತ್ತದೆ ಎಂಬುದನ್ನು ನೋಡಿದಾಗಲೆಲ್ಲ ನಾನು ಬೆಚ್ಚಿಬೀಳುತ್ತೇನೆ.

ಮೊದಲು ಸಿಗರೇಟನ್ನೇ ಅಳೆಯೋಣ. ಎಲ್ಲ ಹೋಲಿಕೆಗೂ ಅದೇ ಅಳತೆಗೋಲು. ಒಂದು ಸಿಗರೇಟಿನಲ್ಲಿರುವ ತಂಬಾಕು ಮುಕ್ಕಾಲು ಗ್ರಾಂ ಕೂಡ ಇರುವುದಿಲ್ಲ. ದಮ್ಮು ಎಳೆದಾಗ ತುದಿಯ ಕೆಂಡದ ಬಿಸಿ 900 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಏರುತ್ತದೆ. ಆ ಬೆಂಕಿಯಲ್ಲಿ ಸೊಪ್ಪು ಒಡೆದು 7,000ಕ್ಕೂ ಹೆಚ್ಚು ರಾಸಾಯನಿಕಗಳಿರುವ ಹೊಗೆಯಾಗುತ್ತದೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಈ ಹೊಗೆ ಹೋಗಿ ಹರಡುವುದು ಶ್ವಾಸಕೋಶದ ಸುಮಾರು 30 ಕೋಟಿ ಗಾಳಿಚೀಲಗಳಲ್ಲಿ. ಅವನ್ನೆಲ್ಲ ಬಿಡಿಸಿ ಹಾಸಿದರೆ 750 ಚದರ ಅಡಿಯಷ್ಟು ಜಾಗ. ಅಷ್ಟು ಅಗಲವಾದ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪೊರೆಯ ಮೇಲೆ ದಿನಕ್ಕೆ ಇನ್ನೂರು ಸಲ ಹೊಗೆ ಬಳಿಯುವ ಕೆಲಸವೇ ಧೂಮಪಾನ.

ಒಂದು ಸಿಗರೇಟಿಗೆ ಎಷ್ಟು ಆಯಸ್ಸು ಹೋಗುತ್ತದೆ? 2000ದಲ್ಲಿ ಬ್ರಿಟನ್ನಿನ ಸಂಶೋಧಕರು 11 ನಿಮಿಷ ಎಂದಿದ್ದರು. 2024ರ ಕೊನೆಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಹೊಸ ಮಾಹಿತಿ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದರು: ಸರಾಸರಿ 20 ನಿಮಿಷ. ದಿನಕ್ಕೆ 20 ಸಿಗರೇಟಿನಂತೆ 30 ವರ್ಷ ಸೇದಿದವನು 2,19,000 ಸಿಗರೇಟು ಸುಟ್ಟಿರುತ್ತಾನೆ. ಇಪ್ಪತ್ತು ನಿಮಿಷದಂತೆ ಗುಣಿಸಿದರೆ 43,80,000 ನಿಮಿಷ, ಅಂದರೆ ಎಂಟು ವರ್ಷಕ್ಕೂ ಮಿಕ್ಕಿ. ಇದು ಬರೀ ಕಾಗದದ ಮೇಲಿನ ಗುಣಾಕಾರವಲ್ಲ. ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೋ ಬ್ರಿಟನ್ನಿನ 34,439 ಪುರುಷ ವೈದ್ಯರ ಬದುಕು-ಸಾವನ್ನು 1951ರಿಂದ 2001ರವರೆಗೆ, ಐವತ್ತು ವರ್ಷ, ಹಿಂಬಾಲಿಸಿ ನೋಡಿದಾಗ ಬಿಡದೆ ಸೇದಿದವರು ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು.

ಈಗ ಬೀಡಿಗೆ ಬರೋಣ. ನಮ್ಮ ಕಡೆ ಸಿಗರೇಟಿನ ಬದಲಿ ಎಂದರೆ ಮೊದಲು ಕೈಗೆ ಬರುವುದು ಇದೇ. ಅದೇ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ತಿಂಗಳ ಖರ್ಚು ಸಿಗರೇಟಿಗೆ ಸರಾಸರಿ 1,192 ರೂಪಾಯಿ, ಬೀಡಿಗೆ 284. ಕೂಲಿಯವನು ಯಾವುದನ್ನು ಆರಿಸುತ್ತಾನೆ ಎಂದು ಕೇಳಬೇಕಾಗಿಲ್ಲ.

ಒಂದು ಬೀಡಿಯಲ್ಲಿರುವ ತಂಬಾಕು ಸುಮಾರು 0.2 ಗ್ರಾಂ, ಸಿಗರೇಟಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಬೆರಳ ಗಾತ್ರದ ಎಲೆಯ ಸುರುಳಿ, ತುದಿಗೊಂದು ದಾರ. ಆದರೆ ಕಾಗದದಂತೆ ಆ ಎಲೆ ಗಾಳಿಯನ್ನು ಒಳಗೆ ಬಿಡುವುದಿಲ್ಲ, ಎಳೆಯುವುದು ನಿಲ್ಲಿಸಿದರೆ ಬೀಡಿ ಆರಿಹೋಗುತ್ತದೆ. ಅದಕ್ಕಾಗಿ ಸೇದುವವನು ಬೇಗ ಬೇಗ, ಆಳವಾಗಿ ಎಳೆಯುತ್ತಲೇ ಇರಬೇಕು. ಅಧ್ಯಯನವೊಂದರಲ್ಲಿ ಎಣಿಸಿದಾಗ ಸಿಗರೇಟಿಗೆ 9 ದಮ್ಮು ಸಾಕಾದರೆ ಬೀಡಿಗೆ 28 ಬೇಕಾಯಿತು. ದಿನಕ್ಕೆ 20 ಬೀಡಿ ಎಂದರೆ 560 ದಮ್ಮು, ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ. ಫಿಲ್ಟರ್ ಇಲ್ಲದ ಆ ಹೊಗೆಯಲ್ಲಿ ಸಿಗರೇಟಿನ ಹೊಗೆಗಿಂತ ಕಾರ್ಬನ್ ಮೊನಾಕ್ಸೈಡ್ ಮತ್ತು ನಿಕೋಟಿನ್ ಮೂರು ಪಟ್ಟು, ಟಾರ್ ಐದು ಪಟ್ಟು ಹೆಚ್ಚು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಸೊಪ್ಪು ಕಡಿಮೆ, ಹೊಗೆಯ ವಿಷ ಹೆಚ್ಚು.

ಸಾವಿನ ಲೆಕ್ಕವೂ ನಮ್ಮ ದೇಶದ್ದೇ ಇದೆ. ಪ್ರಭಾತ್ ಝಾ ಮತ್ತು ಸಂಗಡಿಗರು ಭಾರತದ 11 ಲಕ್ಷ ಮನೆಗಳ ಸಮೀಕ್ಷೆಯಿಂದ ತೆಗೆದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದುವ ಗಂಡಸರು ಸುಮಾರು 10 ವರ್ಷ ಕಳೆದುಕೊಂಡಿದ್ದರು, ಬೀಡಿ ಸೇದುವ ಗಂಡಸರು 6 ವರ್ಷ, ಬೀಡಿ ಸೇದುವ ಹೆಂಗಸರು 8 ವರ್ಷ. ಬೀಡಿಯ ಪರವಾಗಿ ಹೇಳಬಹುದಾದದ್ದು ಈ ಹತ್ತಕ್ಕೂ ಆರಕ್ಕೂ ಇರುವ ಅಂತರ ಮಾತ್ರ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮೂರನೇ ಒಂದು ಪಾಲೂ ಇಲ್ಲದ ಸೊಪ್ಪು, ಸಿಗರೇಟು ಕಿತ್ತುಕೊಳ್ಳುವ ಆಯಸ್ಸಿನ ಅರ್ಧಕ್ಕಿಂತ ಹೆಚ್ಚನ್ನು ಕಿತ್ತುಕೊಳ್ಳುತ್ತದೆ. ದಿನಕ್ಕೆ ಒಂದರಿಂದ ಏಳು ಬೀಡಿಗಳಷ್ಟೇ ಸೇದಿದರೂ ಸಾವಿನ ಅಪಾಯ ಕಾಲು ಭಾಗ ಏರಿತ್ತು. ಅಷ್ಟೇ ಸಂಖ್ಯೆಯ ಸಿಗರೇಟು ಸೇದಿದವರಲ್ಲಿ ಅದು ಬಹುತೇಕ ಇಮ್ಮಡಿಯಾಗಿತ್ತು.

ತಮಿಳುನಾಡಿನ ಇನ್ನೊಂದು ಅಧ್ಯಯನ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದೆ. ವೈದ್ಯೆ ಗಜಲಕ್ಷ್ಮಿ, ಪೀಟೋ ಮತ್ತಿತರರು ಸತ್ತ 43,000 ಗಂಡಸರನ್ನೂ ಬದುಕಿದ್ದ 35,000 ಗಂಡಸರನ್ನೂ ಹೋಲಿಸಿ 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಧೂಮಪಾನ ಎಂದರೆ ಕ್ಯಾನ್ಸರ್, ಹೃದಯಾಘಾತ ಎಂದು ಜಗತ್ತು ಮಾತಾಡುತ್ತಿದ್ದಾಗ ಇವರ ಕಣ್ಣಿಗೆ ಬಿದ್ದದ್ದು ಕ್ಷಯ. ನಗರದ ಪುರುಷರಲ್ಲಿ ಸೇದುವವರು ಕ್ಷಯದಿಂದ ಸಾಯುವ ಪ್ರಮಾಣ ಸೇದದವರಿಗಿಂತ ನಾಲ್ಕೂವರೆ ಪಟ್ಟು. ಭಾರತದ ಗಂಡಸರ ಕ್ಷಯದ ಸಾವುಗಳಲ್ಲಿ ಅರ್ಧದಷ್ಟಕ್ಕೆ ಹೊಗೆಯೇ ಕಾರಣ, ವರ್ಷಕ್ಕೆ ಸುಮಾರು 2 ಲಕ್ಷ ಎಂದು ಅವರು ಅಂದಾಜಿಸಿದರು. ರೋಗಾಣು ಒಳಗೆ ಸುಮ್ಮನೆ ಮಲಗಿದ್ದ ಎಷ್ಟೋ ಜನರಲ್ಲಿ ಅದನ್ನು ಎಬ್ಬಿಸಿದ್ದು ಹೊಗೆ. ಬದಲಿ ಎಂದು ಬೀಡಿ ಹಿಡಿದವನ ಎದೆಯಲ್ಲೂ ಅದು ಎಬ್ಬಿಸುವುದೇ.

ಕೊಯಮತ್ತೂರು-ತಿರುಪ್ಪೂರು ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮಡಿಕೆ ಸೇರುತ್ತದೆ. ಕೊಯಮತ್ತೂರಿನ ಮೊದಲ ಹತ್ತಿ ಗಿರಣಿ ಶುರುವಾದದ್ದು 1888ರಲ್ಲಿ. ಅಲ್ಲಿಂದೀಚೆಗೆ ನೂಲು, ಮಗ್ಗ, ಬನಿಯನ್ನು, ಎಲ್ಲವೂ ಹತ್ತಿಯದೇ ಬದುಕು. ಹತ್ತಿಯ ಧೂಳು ತಾನೇ ಒಂದು ಶ್ವಾಸಕೋಶದ ಕಾಯಿಲೆ ತರುತ್ತದೆ: ವಾರದ ರಜೆ ಮುಗಿಸಿ ಗಿರಣಿಗೆ ಹೋದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಆ ಧೂಳು ಕುಡಿಯುವವನು ಹೊಗೆಯನ್ನೂ ಸೇದಿದರೆ ಉಸಿರಿನ ಕಸುವು ಬೇಗ ಕುಸಿಯುತ್ತದೆ ಎಂದು ನಾನಾ ದೇಶಗಳ ಗಿರಣಿ ಕಾರ್ಮಿಕರ ಅಧ್ಯಯನಗಳು ತೋರಿಸಿವೆ. ಹನ್ನೆರಡು ಗಂಟೆ ಮಗ್ಗದ ಸದ್ದಿನಲ್ಲಿ ನಿಂತು, ಹೊರಗೆ ಬಂದು ಐದು ನಿಮಿಷ ಬೀಡಿ ಸೇದುವವನಿಗೆ ಅದೊಂದೇ ಬಿಡುವು ಎಂಬುದು ನಿಜ. ಆ ಬಿಡುವಿನ ಬೆಲೆಯನ್ನು ಅವನಿಗೆ ಯಾರೂ ಹೇಳಿಲ್ಲ ಎಂಬುದೂ ಅಷ್ಟೇ ನಿಜ.

‘ದಿನಕ್ಕೆ ಒಂದೇ’ ಎನ್ನುವವರ ಲೆಕ್ಕ ಇನ್ನೂ ಕೆಟ್ಟದಾಗಿ ತಪ್ಪುತ್ತದೆ. ಇಪ್ಪತ್ತರ ಬದಲು ಒಂದೇ ಸೇದಿದರೆ ಅಪಾಯ ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ ಶೇ. 5 ಆಗಬೇಕಿತ್ತು. 141 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲೆಕ್ಕದಲ್ಲಿ, ಹೃದಯದ ರಕ್ತನಾಳದ ಕಾಯಿಲೆಯ ಮಟ್ಟಿಗೆ ಅದು ಶೇ. 40ರಿಂದ 50. ಹತ್ತೊಂಬತ್ತು ಸಿಗರೇಟು ಬಿಟ್ಟರೂ ಹೃದಯದ ಮೇಲಿನ ಹೆಚ್ಚುವರಿ ಹೊರೆ ಹೆಚ್ಚೂಕಡಿಮೆ ಅರ್ಧ ಉಳಿದೇಬಿಡುತ್ತದೆ. ರಕ್ತನಾಳದ ಒಳಪದರ ಮತ್ತು ರಕ್ತ ಹೆಪ್ಪುಗಟ್ಟಿಸುವ ಕಣಗಳು ತೀರಾ ಸ್ವಲ್ಪ ಹೊಗೆಗೇ ಕೆರಳುತ್ತವೆ, ಆಮೇಲೆ ಎಷ್ಟು ಸೇರಿಸಿದರೂ ಕೆರಳುವುದಕ್ಕೆ ಹೆಚ್ಚು ಜಾಗವಿರುವುದಿಲ್ಲ. ಪಕ್ಕದವರ ಸಿಗರೇಟಿನ ಹೊಗೆ ಹೆಂಡತಿ-ಮಕ್ಕಳ ಹೃದಯವನ್ನು ಕೆಡಿಸುವುದೂ ಇದೇ ಕಾರಣಕ್ಕೆ.

ಹುಕ್ಕಾದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರಿನಲ್ಲಿ ಹಾದುಬರುವ ಹೊಗೆ ತೊಳೆದುಕೊಂಡು ಬರುತ್ತದೆ ಎಂಬ ನಂಬಿಕೆಯಿಂದ ಅದು ನಗರದ ಹುಡುಗ-ಹುಡುಗಿಯರ ಕೈಸೇರಿತು. ಒಂದು ಸಿಗರೇಟಿನಲ್ಲಿ ಒಳಗೆ ಹೋಗುವ ಹೊಗೆ ಅರ್ಧ ಲೀಟರು. ಗಂಟೆ ಹೊತ್ತು ಹುಕ್ಕಾ ಎಳೆದರೆ 90 ಲೀಟರು, ಆರು ಕೊಡ ತುಂಬುವಷ್ಟು. ಜೊತೆಗೆ ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್. ತಮಿಳುನಾಡು, ಆಮೇಲೆ 2024ರ ಫೆಬ್ರುವರಿಯಲ್ಲಿ ಕರ್ನಾಟಕ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿದವು. ಸರಿಯಾದ ಕೆಲಸ.

ಹೊಗೆಯೇ ಇಲ್ಲದಿದ್ದರೆ? ನಮ್ಮ ದೇಶದ ಅತಿ ದೊಡ್ಡ ಬದಲಿ ಅದೇ. ಅದೇ 2016-17ರ ಸಮೀಕ್ಷೆಯಂತೆ ತಂಬಾಕು ಬಳಸುವ 26.7 ಕೋಟಿ ವಯಸ್ಕರಲ್ಲಿ ಸುಮಾರು 20 ಕೋಟಿ ಜನ ಹೊಗೆಯಿಲ್ಲದ ತಂಬಾಕಿನವರು: ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ, ಖೈನಿ, ಗುಟ್ಕಾ, ತುಟಿಯ ಹಿಂದೆ ಇಟ್ಟುಕೊಳ್ಳುವ ಪುಟ್ಟ ಚೀಲ. ಕೊಯಮತ್ತೂರು-ಈರೋಡ್ ಸೀಮೆ ಜಗಿಯುವ ಹೊಗೆಸೊಪ್ಪು ಬೆಳೆದ ನೆಲ, ಹಾಗಾಗಿ ಇಲ್ಲಿಯ ಹಿರಿಯರಿಗೆ ಅದು ವಿಷವೆಂದು ಅನಿಸುವುದೇ ಇಲ್ಲ. ಇಲ್ಲಿ ಬೆಂಕಿ ಇಲ್ಲ, ಆದ್ದರಿಂದ ಶ್ವಾಸಕೋಶ ಬಹುಮಟ್ಟಿಗೆ ಪಾರಾಗುತ್ತದೆ. ಪೆಟ್ಟು ಬೀಳುವುದು ಬಾಯಿಗೆ, ಗಂಟಲಿಗೆ, ಅನ್ನನಾಳಕ್ಕೆ, ಹೃದಯಕ್ಕೆ.

ಹೊಗೆಯಿಲ್ಲದ ತಂಬಾಕನ್ನು ಸಮರ್ಥಿಸುವವರು ಸ್ವೀಡನ್ ದೇಶದ ಹೆಸರು ತೆಗೆಯುತ್ತಾರೆ. ಅಲ್ಲಿಯ ಗಂಡಸರು ಸಿಗರೇಟು ಬಿಟ್ಟು ‘ಸ್ನೂಸ್’ ಎಂಬ ತಂಬಾಕನ್ನು ತುಟಿಯ ಹಿಂದೆ ಇಟ್ಟುಕೊಳ್ಳತೊಡಗಿದ ಮೇಲೆ ಅವರ ಶ್ವಾಸಕೋಶದ ಕ್ಯಾನ್ಸರ್ ಪ್ರಮಾಣ ಯುರೋಪಿನಲ್ಲೇ ಅತಿ ಕಡಿಮೆ ಸಾಲಿಗೆ ಇಳಿಯಿತು. ಇದು ನಿಜ. ಆದರೆ ಪೊಟ್ಟಣದೊಳಗೆ ಏನಿದೆ ನೋಡಿ. ತಂಬಾಕಿನಲ್ಲೇ ಹುಟ್ಟುವ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳಲ್ಲಿ ಮುಖ್ಯವಾದ ಎರಡು ಸೇರಿ ಗ್ರಾಂಗೆ 2 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದ್ದಾರೆ. ಸ್ವೀಡನ್ನಿನ ತಯಾರಿಕೆ ಆ ಮಿತಿಯ ಆಸುಪಾಸಿನದು. 2005ರಲ್ಲಿ ಭಾರತದ ಮಾರುಕಟ್ಟೆಯ ಖೈನಿಗಳನ್ನು ಪರೀಕ್ಷಿಸಿದಾಗ ಆ ಎರಡರಲ್ಲಿ ಒಂದೇ 76 ಮೈಕ್ರೋಗ್ರಾಂವರೆಗೆ ಸಿಕ್ಕಿತು. 38 ಪಟ್ಟು! ಸ್ವೀಡನ್ನಿನ ಅಂಕಿಯನ್ನು ತೋರಿಸಿ ನಮ್ಮ ಪೊಟ್ಟಣ ಮಾರುವುದು ಮೋಸ. ಅದಕ್ಕೆ ಅಡಿಕೆಯೂ ಸೇರಿದರೆ, ಅಡಿಕೆ ತಾನೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಘೋಷಿಸಿದೆ. ಜಗತ್ತಿನಲ್ಲಿ ಹೊಗೆಯಿಲ್ಲದ ತಂಬಾಕು ತರುವ ಕಾಯಿಲೆ-ಸಾವಿನ ಹೊರೆಯಲ್ಲಿ ಮುಕ್ಕಾಲು ಭಾಗದಷ್ಟು ಭಾರತದ್ದೇ.

ಇನ್ನು ಉಳಿದದ್ದು ಇ-ಸಿಗರೇಟು. ಇದರ ಬಗ್ಗೆ ಎರಡು ಕಡೆಯವರೂ ಅರ್ಧ ಸತ್ಯ ಹೇಳುತ್ತಾರೆ, ಅದಕ್ಕೆ ಸ್ವಲ್ಪ ನಿಧಾನಿಸಬೇಕು.

2003ರಲ್ಲಿ ಚೀನಾದ ಔಷಧತಜ್ಞ ಹೋನ್ ಲಿಕ್ ಈಗಿನ ಮಾದರಿಯನ್ನು ರೂಪಿಸಿದ. ಸುಡುವುದಿಲ್ಲ, ನಿಕೋಟಿನ್ ಬೆರೆಸಿದ ದ್ರವವನ್ನು ಬ್ಯಾಟರಿಯ ಬಿಸಿಯಿಂದ ಆವಿಯಾಗಿಸುತ್ತದೆ. ಬೆಂಕಿ ಇಲ್ಲದ್ದರಿಂದ ಬೆಂಕಿ ಹುಟ್ಟಿಸುವ ವಿಷಗಳು ಬಹಳ ಕಡಿಮೆ. 2014ರ ಒಂದು ಪರೀಕ್ಷೆಯಲ್ಲಿ ಆಯ್ದ ವಿಷಗಳು ಸಿಗರೇಟಿನ ಹೊಗೆಗಿಂತ 9ರಿಂದ 450 ಪಟ್ಟು ಕಡಿಮೆ ಇದ್ದವು. 2017ರಲ್ಲಿ ಬ್ರಿಟನ್ನಿನ 181 ಜನರ ಮೂತ್ರ, ಎಂಜಲು ಪರೀಕ್ಷಿಸಿದಾಗ, ಸಿಗರೇಟನ್ನು ಪೂರ್ತಿ ಬಿಟ್ಟು ಬಹುಕಾಲ ಇ-ಸಿಗರೇಟೊಂದನ್ನೇ ಬಳಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತರುವ ಒಂದು ಮುಖ್ಯ ವಿಷದ ಗುರುತು ಶೇ. 97ರಷ್ಟು ಕಡಿಮೆಯಾಗಿತ್ತು. ಅದೇ ಪರೀಕ್ಷೆಯಲ್ಲಿ ಎರಡನ್ನೂ ಬಳಸುತ್ತಿದ್ದವರಲ್ಲಿ ಇಂಥ ಇಳಿಕೆ ಕಾಣಲಿಲ್ಲ. ಮನೆಯಲ್ಲಿ ಆವಿ, ಹೊರಗೆ ಸಿಗರೇಟು ಎನ್ನುವವನಿಗೆ ಆ 97ರಲ್ಲಿ ಪಾಲಿಲ್ಲ.

ಬಿಡಿಸುವ ಕೆಲಸಕ್ಕೂ ಅದು ಬರುತ್ತದೆ. 2019ರಲ್ಲಿ ಬ್ರಿಟನ್ನಿನ 886 ಧೂಮಪಾನಿಗಳ ಮೇಲೆ ನಡೆದ ಪ್ರಯೋಗದಲ್ಲಿ ಒಂದು ವರ್ಷದ ನಂತರ ಇ-ಸಿಗರೇಟು ಪಡೆದವರಲ್ಲಿ ಶೇ. 18, ಅಂಟು-ಪಟ್ಟಿ, ಗಮ್ಮಿನಂಥ ನಿಕೋಟಿನ್ ಬದಲಿ ಪಡೆದವರಲ್ಲಿ ಶೇ. 9.9 ಮಂದಿ ಸಿಗರೇಟಿನಿಂದ ದೂರವಿದ್ದರು. ಆದರೆ ಹಾಗೆ ಬಿಟ್ಟವರಲ್ಲಿ ನೂರಕ್ಕೆ 80 ಜನ ಇ-ಸಿಗರೇಟಿಗೆ ಅಂಟಿಕೊಂಡೇ ಇದ್ದರು. ಪಟ್ಟಿ, ಗಮ್ಮಿನಿಂದ ಬಿಟ್ಟವರಲ್ಲಿ ಅವನ್ನು ಇನ್ನೂ ಬಳಸುತ್ತಿದ್ದವರು ನೂರಕ್ಕೆ 9 ಜನ.

ವಿಷ ನೂರರಿಂದ ಐದಕ್ಕೆ ಇಳಿಯಿತು ಎಂದುಕೊಳ್ಳಿ, ಮೂವತ್ತು ವರ್ಷ ಸೇದಿದವನಿಗೆ ಅದು ಲಾಭ. ಹದಿಮೂರರ ಹುಡುಗನದು ಸೊನ್ನೆಯಿಂದ ಶುರು, ಅವನಿಗೆ ಅದೇ ಐದು ಶುದ್ಧ ನಷ್ಟ. ಜಗತ್ತಿನಲ್ಲಿ ಇ-ಸಿಗರೇಟು ಬಳಸುವ 10 ಕೋಟಿಗೂ ಹೆಚ್ಚು ಜನರ ಪೈಕಿ ಕನಿಷ್ಠ 1.5 ಕೋಟಿ ಮಂದಿ 13ರಿಂದ 15 ವರ್ಷದ ಮಕ್ಕಳು ಎಂದು 2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಕದ್ದು ಮಾರುವ ದ್ರವದಲ್ಲಿ ಏನಿದೆ ಎಂದು ಯಾರಿಗೆ ಗೊತ್ತು? ಅಮೆರಿಕದಲ್ಲಿ 2019-20ರಲ್ಲಿ ಹೀಗೆ ಆವಿ ಎಳೆದ 2,807 ಜನ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದರು ಇಲ್ಲವೇ ಸತ್ತರು; ಸತ್ತವರ ಸಂಖ್ಯೆ 68ಕ್ಕೆ ಮುಟ್ಟಿತು. ಗಾಂಜಾದ ಸತ್ವಕ್ಕೆ ಬೆರೆಸಿದ್ದ ವಿಟಮಿನ್-ಇ ಅಸಿಟೇಟ್ ಎಂಬ ಎಣ್ಣೆಯ ಮೇಲೆ ಮುಖ್ಯ ದೋಷ ಬಿತ್ತು.

ಕರ್ನಾಟಕ 2016ರಲ್ಲಿ, ತಮಿಳುನಾಡು 2018ರಲ್ಲಿ, ಇಡೀ ದೇಶ 2019ರ ಸೆಪ್ಟೆಂಬರ್ 18ರ ಸುಗ್ರೀವಾಜ್ಞೆಯಲ್ಲಿ ಇ-ಸಿಗರೇಟನ್ನು ನಿಷೇಧಿಸಿದವು. ಮಾರಿದರೆ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಕ್ಕಳನ್ನು ನೆನೆದಾಗ ನನಗೆ ಈ ನಿಷೇಧ ಬೇಕು ಅನಿಸುತ್ತದೆ. ಆದರೆ ವಿಷ ಕಡಿಮೆಯಿರುವ ಸಾಧನ ಕಾನೂನಿಗೆ ವಿರುದ್ಧವಾಗಿ, 900 ಡಿಗ್ರಿಯ ಸಿಗರೇಟು ಪ್ರತಿ ಪೆಟ್ಟಿಗೆ ಅಂಗಡಿಯಲ್ಲೂ ರಾಜಾರೋಷವಾಗಿ ಮಾರಾಟವಾಗುತ್ತಿರುವುದು ನ್ಯಾಯವಲ್ಲ. ಒಂದನ್ನು ತಡೆದ ಸರ್ಕಾರ ಇನ್ನೊಂದನ್ನು ಬಿಡಿಸುವ ಹೊಣೆಯನ್ನೂ ಹೊರಬೇಕು.

ಬಿಡುವುದು ಯಾಕೆ ಇಷ್ಟು ಕಷ್ಟ ಎನ್ನುವುದಕ್ಕೂ ಒಂದು ಲೆಕ್ಕವಿದೆ. ಎಳೆದ ಹೊಗೆಯ ನಿಕೋಟಿನ್ ಇಪ್ಪತ್ತು ಸೆಕೆಂಡಿನೊಳಗೆ ಮಿದುಳು ಮುಟ್ಟುತ್ತದೆ. ದಿನಕ್ಕೆ 20 ಸಿಗರೇಟು, ಒಂದಕ್ಕೆ 10 ದಮ್ಮು ಎಂದರೆ 200 ಸಲ. ವರ್ಷಕ್ಕೆ 73,000 ಸಲ. ಬೇರೆ ಯಾವ ಔಷಧವನ್ನೂ ಮನುಷ್ಯ ಇಷ್ಟು ಸಲ ತಾನೇ ತನಗೆ ಕೊಟ್ಟುಕೊಳ್ಳುವುದಿಲ್ಲ. ಹಾಗಿದ್ದಮೇಲೆ ಬಿಡಲಾಗದವನನ್ನು ಮನಸ್ಸಿಲ್ಲದವನು, ಕೈಲಾಗದವನು ಎಂದು ಮನೆಯವರು ಹಂಗಿಸುವುದು ತಪ್ಪು.

ಔಷಧದ ನೆರವಿಲ್ಲದೆ ಬಿಡಲು ಹೊರಟ ನೂರರಲ್ಲಿ ಸುಮಾರು 6 ಜನ ಗೆಲ್ಲುತ್ತಾರೆ ಎಂದು ಕೊಕ್ರೇನ್ ಸಂಸ್ಥೆಯ 2023ರ ವಿಶ್ಲೇಷಣೆ ಹೇಳುತ್ತದೆ. ನಿಕೋಟಿನ್ ಚೂಯಿಂಗ್ ಗಮ್ ಅಥವಾ ಅಂಟು-ಪಟ್ಟಿ ಒಂದರ ಜೊತೆ ಸುಮಾರು 9, ಎರಡೂ ಸೇರಿದರೆ 12, ವೈದ್ಯರು ಬರೆದುಕೊಡುವ ವರೆನಿಕ್ಲಿನ್ ಮಾತ್ರೆಯ ಜೊತೆ 14ರಷ್ಟು. ಅಂಕಿ ಚಿಕ್ಕದೆಂದು ಕಾಣಬಹುದು, ಆದರೆ ಅದು ಒಂದು ಪ್ರಯತ್ನದ ಫಲ ಮಾತ್ರ. ಎರಡನೆಯ ಸಲ, ಐದನೆಯ ಸಲ ಬಿಟ್ಟು ಗೆದ್ದವರೇ ಹೆಚ್ಚು. ನಿಕೋಟಿನ್ ಗಮ್ ಔಷಧದಂಗಡಿಯಲ್ಲಿ ಸಿಗುತ್ತದೆ, ಅದಕ್ಕೆ ನಮ್ಮ ಕಾನೂನಿನ ಅಡ್ಡಿಯಿಲ್ಲ. ಬೆಂಕಿಯೂ ಇಲ್ಲದ, ನೈಟ್ರೋಸಮೀನೂ ಇಲ್ಲದ ಬದಲಿ ಬೇಕೆಂದರೆ ಇದೇ.

ಬಿಟ್ಟವರಿಗೆ ಸಿಗುವುದೆಷ್ಟು? ಮೇಲೆ ಹೇಳಿದ ಆ ಬ್ರಿಟಿಷ್ ವೈದ್ಯರಲ್ಲಿ ಅರವತ್ತರಲ್ಲಿ ಬಿಟ್ಟವರು 3 ವರ್ಷ, ಐವತ್ತರಲ್ಲಿ ಬಿಟ್ಟವರು 6 ವರ್ಷ, ನಲವತ್ತರಲ್ಲಿ 9 ವರ್ಷ ಮರಳಿ ಪಡೆದರು. ಮೂವತ್ತರಲ್ಲಿ ಬಿಟ್ಟವರು ಹತ್ತಕ್ಕೆ ಹತ್ತನ್ನೂ ಪಡೆದರು.

ನಿಮ್ಮ ಮನೆಯಲ್ಲಿ ಅಪ್ಪನೋ ಅಣ್ಣನೋ ಮಗನೋ ಸೇದುತ್ತಿದ್ದರೆ, ಜಗಿಯುತ್ತಿದ್ದರೆ, ಇವತ್ತೇ ಒಂದು ಕರೆ ಮಾಡಿಸಿ: 1800-11-2356. ರಾಷ್ಟ್ರೀಯ ತಂಬಾಕು ಬಿಡಿಸುವ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೂ ತಮಿಳಿನಲ್ಲೂ ಉತ್ತರಿಸುತ್ತಾರೆ.